ಹಿರಿಯೂರಿನಾಚೆ ನಿಂತ ಹಸಿರು ಕಾರು

ಡಾಕ್ಟರಮ್ಮ ನನ್ನ ಶೆಡ್ಡಿಗೆ ಬಂದು ಹಸಿರು ಕಾರನ್ನು ವಿಜಯಪುರದವರೆಗೆ ಓಡಿಸಿಕೊಂಡು ಹೋಗಬೇಕು ಎಂದಾಗ ನಾನು ಕೇಳಿದ ಮೊದಲ ಪ್ರಶ್ನೆ, ಇದನ್ನು ನಿಮ್ಮ ತಲೆಗೆ ತುಂಬಿದವರು ಯಾರು ಎಂದು. ನನ್ನ ಸ್ವಭಾವವೇ ಹಾಗೆ. ಮದುವೆ ಕಾಗದ ಕೊಡಲು ಬಂದವರನ್ನೂ ನಾನು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುತ್ತೇನೆ ಎಂದು ನನ್ನ ಹೆಂಡತಿ ನೆಂಟರ ಮುಂದೆಲ್ಲ ಹೇಳಿ ನಗುತ್ತಾಳೆ. ಹಳೆಯ ಕಾರುಗಳ ರಿಪೇರಿಯಲ್ಲಿ ಮಾತ್ರ ಈ ಗುಣ ನನಗೆ ಅನ್ನ ಕೊಟ್ಟಿದೆ. ಪ್ಲಗ್ ಸರಿಯಾಗಿದೆ ಎಂದು ಮಾಲೀಕರು ಹೇಳಿದರೆ ನಾನು ಮೊದಲು ಬಿಚ್ಚುವುದು ಪ್ಲಗ್ಗನ್ನೇ.

ನನ್ನ ಶೆಡ್ಡು ದೇವರಾಜ ಮೊಹಲ್ಲಾದಲ್ಲಿ, ದಿನಸಿ ಮಂಡಿಗಳ ಹಿಂದಿನ ಗಲ್ಲಿಯಲ್ಲಿದೆ. ಡಾಕ್ಟರಮ್ಮನ ಮನೆ ಕುವೆಂಪುನಗರದಲ್ಲಿ. ಕಣ್ಣಿನ ಡಾಕ್ಟರಾಗಿ ನಿವೃತ್ತರಾದವರು. ಹಸಿರು ಕಾರು ಅವರ ತಂದೆಯದು, ಸ್ವಾತಂತ್ರ್ಯಕ್ಕೂ ಮೊದಲು ಹಡಗಿನಲ್ಲಿ ಬಂದದ್ದು. ಊರಿನ ಹಳೆ ಕಾರುಗಳ ಮಾಲೀಕರು ಕೆಲವರು ಸೇರಿ ಮೈಸೂರಿನಿಂದ ಗೋಲಗುಮ್ಮಟದವರೆಗೆ ಮೂರು ದಿನದ ಪ್ರಯಾಣ ಇಟ್ಟುಕೊಂಡಿದ್ದರು. ಎಂಟು ಕಾರುಗಳು, ಹಿಂದೆ ನನ್ನ ಸಾಮಾನಿನ ಜೀಪು, ಅದರ ಹಿಂದೆ ಕೆಟ್ಟು ನಿಂತ ಕಾರನ್ನು ಹೇರಿಕೊಳ್ಳಲು ಒಂದು ಲಾರಿ. ಅವರ ನಿಯಮ ಒಂದೇ. ಲಾರಿ ಹತ್ತಿದ ಕಾರು ಪ್ರಯಾಣದಿಂದ ಹೊರಗೆ.

ಉಳಿದವರಿಗೆ ಅದು ಬರೀ ನಿಯಮ. ಡಾಕ್ಟರಮ್ಮನಿಗೆ ಅದು ತೀರ್ಮಾನ.

"ಇದು ತನ್ನ ಕಾಲ ಮೇಲೆ ವಿಜಯಪುರ ಮುಟ್ಟಿದ್ರೆ ನಮ್ಮನೇಲೇ ಇರುತ್ತೆ. ಲಾರಿ ಹತ್ತಿದ್ರೆ ಅಲ್ಲಿಂದಾನೇ ಬೆಂಗಳೂರಿನವರ ಜೊತೆ ಕಳಿಸ್ಬಿಡ್ತೀನಿ. ನನ್ನ ಕೈಲಿ ಇನ್ನು ನೋಡ್ಕೊಳ್ಳೋಕಾಗಲ್ಲ ಕಣ್ರೀ" ಎಂದರು.

ಬೆಂಗಳೂರಿನವರು ಎಂದರೆ ಹಳೆ ಕಾರುಗಳನ್ನು ಕೂಡಿಡುವ ಒಬ್ಬ ಶ್ರೀಮಂತರು. ಈ ಕಾರಿಗಾಗಿ ಮೂರು ಸಲ ಮನೆಗೆ ಬಂದು ಹೋಗಿದ್ದರು. ತಮ್ಮ ಬಿಳಿಯ ಕಾರಿನೊಂದಿಗೆ ಅವರೂ ಈ ಪ್ರಯಾಣಕ್ಕೆ ಸೇರಿಕೊಂಡಿದ್ದಾರೆ ಎಂದು ಕೇಳಿದಾಗಲೇ ನನ್ನ ಮೂಗಿಗೆ ಏನೋ ವಾಸನೆ ಹೊಡೆಯಿತು. ಕಾರು ನಿಂತರೆ ಲಾಭವಾಗುವ ಮನುಷ್ಯ ಕಾರಿನ ಜೊತೆಯಲ್ಲೇ ಬರುತ್ತಿದ್ದಾನೆ.

ಕಾರು ಹೋದರೆ ಕೆಲಸ ಕಳೆದುಕೊಳ್ಳುವವರು ಒಬ್ಬರಿದ್ದರು, ಡಾಕ್ಟರಮ್ಮನ ಡ್ರೈವರು. ಅರವತ್ತು ದಾಟಿದವರು. ಡಾಕ್ಟರಮ್ಮನ ತಂದೆಯ ಕಾಲದಿಂದ ಆ ಕಾರನ್ನು ಓಡಿಸಿದವರು. ಡಾಕ್ಟರಮ್ಮ ದಿನದ ಓಡಾಟಕ್ಕೆ ಸಣ್ಣ ಕಾರೊಂದನ್ನು ತಾವೇ ಓಡಿಸುತ್ತಾರೆ. ಹಸಿರು ಕಾರನ್ನು ಒರೆಸಿ, ವಾರಕ್ಕೆರಡು ಸಲ ಸ್ಟಾರ್ಟ್ ಮಾಡಿ, ಒಂದು ಸುತ್ತು ಹೊಡೆಸಿ ತರುವುದೇ ಈ ಡ್ರೈವರ ಕೆಲಸ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ಸ್ವಾಮಿ ಎನ್ನುತ್ತಿದ್ದರು, ನನ್ನ ಹಣೆಯ ವಿಭೂತಿ ನೋಡಿ.

ಒಂದು ತಿಂಗಳು ಆ ಕಾರು ನನ್ನ ಶೆಡ್ಡಿನಲ್ಲಿತ್ತು. ಎಂಜಿನ್ ಇಳಿಸಿ ವಾಲ್ವುಗಳನ್ನು ಕೂರಿಸಿದೆ, ಬ್ರೇಕಿಗೆ ಹೊಸ ಲೈನಿಂಗ್ ಹಾಕಿದೆ, ವೈರುಗಳನ್ನೆಲ್ಲ ಬದಲಿಸಿದೆ. ಪೆಟ್ರೋಲ್ ಟ್ಯಾಂಕನ್ನು ಕಳಚಿ ನಾನೇ ಕೈಯಾರೆ ತೊಳೆದೆ. ಈ ಕಾರಿನ ಟ್ಯಾಂಕು ಹಿಂದುಗಡೆ ಇಲ್ಲ. ಮುಂದಿನ ಗಾಜಿನ ಬುಡದಲ್ಲಿ, ಎಂಜಿನ್ನಿಗಿಂತ ಎತ್ತರದಲ್ಲಿದೆ. ಪಂಪು ಇಲ್ಲ. ಪೆಟ್ರೋಲು ತನ್ನ ಭಾರಕ್ಕೆ ತಾನೇ ಕೆಳಗಿಳಿದು, ಡ್ಯಾಶ್‌ಬೋರ್ಡಿನ ಅಡಿಯ ಹಿತ್ತಾಳೆ ಟ್ಯಾಪು ದಾಟಿ ಕಾರ್ಬೊರೇಟರಿಗೆ ಹೋಗುತ್ತದೆ. ಟ್ಯಾಪು ತೆರೆದರೆ ಕಾರು ಓಡುತ್ತದೆ, ಮುಚ್ಚಿದರೆ ಅರ್ಧ ಕಿಲೋಮೀಟರಿನಲ್ಲಿ ನಿಲ್ಲುತ್ತದೆ. ಡ್ರೈವರು ಎಡಗೈ ಚಾಚಿದರೆ ಟ್ಯಾಪು ಸಿಗುತ್ತದೆ.

ಹೊರಡುವ ಬೆಳಿಗ್ಗೆ ಎಂಟೂ ಕಾರುಗಳು ಅರಮನೆಯ ಹತ್ತಿರ ಸಾಲಾಗಿ ನಿಂತವು. ಜನ ಮೊಬೈಲ್ ಹಿಡಿದು ಮುತ್ತಿಕೊಂಡರು. ನಾನು ನಮ್ಮಪ್ಪನಿಂದ ಬಂದ ಪದ್ಧತಿ ಮುಗಿಸಿದೆ. ಕಾರು ಊರು ಬಿಡುವಾಗ ಬಾನೆಟ್ಟಿಗೆ ವಿಭೂತಿ ಹಚ್ಚಿ, ಟ್ಯಾಂಕಿನ ಮುಚ್ಚಳದ ಮೇಲೆ ಬಿಲ್ವಪತ್ರೆ ಇಡುವುದು. ನಮ್ಮಪ್ಪ ಬಸ್ಸುಗಳಿಗೆ ಹಾಗೆ ಮಾಡುತ್ತಿದ್ದರು. ದಾರಿಯ ಮೂರು ಬೆಳಿಗ್ಗೆಗೂ ಆಗುವಷ್ಟು ಪತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಜೀಪಿನಲ್ಲಿಟ್ಟುಕೊಂಡಿದ್ದೆ. ಬೆಂಗಳೂರಿನವರು ಇದನ್ನು ಮೊಬೈಲಿನಲ್ಲಿ ಹಿಡಿದುಕೊಂಡರು. ಅದಕ್ಕೂ ನನಗೆ ಅನುಮಾನವೇ ಬಂತು.

ಶ್ರೀರಂಗಪಟ್ಟಣ ದಾಟಿ, ಪಾಂಡವಪುರ ದಾಟಿ, ನಾಗಮಂಗಲದವರೆಗೆ ಕಾರು ಬೆಣ್ಣೆಯ ಹಾಗೆ ಓಡಿತು. ಊರೊಳಗೆ ಡಾಕ್ಟರಮ್ಮ ಓಡಿಸುತ್ತಿದ್ದರು. ಜನ ನೋಡಲಿ ಎಂಬ ಸಣ್ಣ ಆಸೆ ಅವರಿಗಿತ್ತು. ಊರು ದಾಟಿದ ಮೇಲೆ ಡ್ರೈವರಣ್ಣ ಕೂರುತ್ತಿದ್ದರು. ನಾಗಮಂಗಲ ಬಿಟ್ಟು ಹತ್ತು ಹನ್ನೆರಡು ಕಿಲೋಮೀಟರ್ ಆಗಿರಬೇಕು, ಮುಂದೆ ಹೋಗುತ್ತಿದ್ದ ಹಸಿರು ಕಾರು ಎರಡು ಸಲ ಕೆಮ್ಮಿತು, ಜಗ್ಗಿತು, ನಿಂತಿತು.

ನಾನು ಜೀಪಿನಿಂದ ಇಳಿದು ಬಾನೆಟ್ ಎತ್ತಿದೆ. ಪ್ಲಗ್ಗಿನ ವೈರು ತೆಗೆದು ಕಿಡಿ ನೋಡಿದೆ, ನೀಲಿ ಕಿಡಿ, ಚೆನ್ನಾಗಿತ್ತು. ಬಿಸಿಲಿಗೆ ಪೈಪು ಕಾದು ಪೆಟ್ರೋಲು ಆವಿಯಾಗಿರಬಹುದು ಎಂದು ಒದ್ದೆ ಬಟ್ಟೆ ಸುತ್ತಿದೆ. ಹತ್ತು ನಿಮಿಷಕ್ಕೆ ಕಾರು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಸರಿ, ಆವಿಯೇ ಇರಬೇಕು ಎಂದುಕೊಂಡೆ.

ತುರುವೇಕೆರೆ ದಾಟಿದ ಮೇಲೆ ಮತ್ತೆ ನಿಂತಿತು. ಈ ಸಲ ಪೈಪು ತಣ್ಣಗಿತ್ತು. ಕಿಡಿ ಹುಟ್ಟಿಸುವ ಕಾಯಿಲ್ ಕಾದರೆ ಕೈಕೊಡುವುದುಂಟು ಎಂದು ಕಾಯಿಲ್ ಬದಲಿಸಿದೆ, ಅದರ ಜೊತೆಗೆ ಕಂಡೆನ್ಸರನ್ನೂ ಬದಲಿಸಿದೆ. ಕಾರು ಹೊರಟಿತು. ಹುಳಿಯಾರಿಗೆ ಆರು ಕಿಲೋಮೀಟರ್ ಇದೆ ಎನ್ನುವಾಗ ಮೂರನೆಯ ಸಲ ನಿಂತಿತು. ನಾನು ನೇರವಾಗಿ ಕಾರ್ಬೊರೇಟರಿನ ಬಟ್ಟಲು ಬಿಚ್ಚಿದೆ. ಒಳಗೆ ಒಣಗಿತ್ತು. ಅಂದರೆ ಕಿಡಿಯ ತೊಂದರೆ ಅಲ್ಲ, ಪೆಟ್ರೋಲೇ ಬರುತ್ತಿಲ್ಲ. ಪೈಪು ಕಳಚಿ, ಊದಿ, ಟ್ಯಾಪು ತಿರುಗಿಸಿದೆ. ಪೆಟ್ರೋಲು ಧಾರಾಳವಾಗಿ ಸುರಿಯಿತು. ಟ್ಯಾಂಕಿನ ಮುಚ್ಚಳದ ಗಾಳಿಯ ತೂತಿಗೆ ಸೂಜಿ ಹಾಕಿ ನೋಡಿದೆ, ತೂತು ತೆರೆದೇ ಇತ್ತು.

ರಸ್ತೆಯ ಪಕ್ಕದಲ್ಲಿ ಕೂತು ಯೋಚಿಸಿದೆ. ಕಾಲು ಗಂಟೆಯ ಹಿಂದೆ ಬಾರದ ಪೆಟ್ರೋಲು ಈಗ ಹೇಗೆ ಬಂತು? ಪೈಪಿನಲ್ಲಿ ಕಸವಿಲ್ಲ, ಟ್ಯಾಪಿನಲ್ಲಿ ಕಸವಿಲ್ಲ. ಟ್ಯಾಂಕನ್ನು ನಾನೇ ತೊಳೆದದ್ದು. ಲೋಕದಲ್ಲಿ ಎಲ್ಲರ ಮೇಲೂ ಅನುಮಾನಪಡುವ ನಾನು ನನ್ನ ಕೈಕೆಲಸದ ಮೇಲೆ ಮಾತ್ರ ಎಂದೂ ಅನುಮಾನಪಟ್ಟವನಲ್ಲ. ಹಾಗಾಗಿ ಉಳಿದದ್ದು ಒಂದೇ. ಕಾರು ಓಡುತ್ತಿರುವಾಗಲೇ ಯಾರೋ ಟ್ಯಾಪು ಮುಚ್ಚುತ್ತಿದ್ದಾರೆ.

ಒಮ್ಮೆ ಈ ಯೋಚನೆ ಬಂದ ಮೇಲೆ ಎಲ್ಲವೂ ಅದಕ್ಕೇ ಬಂದು ಸೇರಿಕೊಂಡವು. ಮೂರು ಸಲವೂ ಕಾರು ನಿಂತದ್ದು ಡ್ರೈವರಣ್ಣ ಓಡಿಸುವಾಗ. ಡಾಕ್ಟರಮ್ಮ ಓಡಿಸಿದಾಗ ಒಂದು ಸಲವೂ ಇಲ್ಲ. ಡ್ರೈವರಣ್ಣ ಓಡಿಸುವಾಗ ಡಾಕ್ಟರಮ್ಮ ಪಕ್ಕದಲ್ಲಿ ತೂಕಡಿಸುತ್ತಿರುತ್ತಾರೆ, ನಾನು ಹಿಂದೆ ಜೀಪಿನಲ್ಲಿರುತ್ತೇನೆ. ಅವರ ಎಡಗೈ ಏನು ಮಾಡುತ್ತದೆಂದು ನೋಡುವವರು ಯಾರೂ ಇಲ್ಲ.

ಸಂಜೆ ಹಿರಿಯೂರಿನ ಲಾಡ್ಜ್ ಮುಟ್ಟಿದೆವು. ಎದುರಿನ ಟೀ ಅಂಗಡಿಯಲ್ಲಿ ಬೆಂಗಳೂರಿನವರು ಡ್ರೈವರಣ್ಣನ ಜೊತೆ ನಿಂತು ಮಾತಾಡುತ್ತಿದ್ದರು. ನಗುತ್ತಿದ್ದರು. ಒಂದು ಸಲ ಅವರ ಹೆಗಲ ಮೇಲೆ ಕೈ ಕೂಡ ಇಟ್ಟರು. ನಾನು ರಸ್ತೆಯ ಈಚೆ ನಿಂತು ನೋಡಿದೆ. ಕಾರು ಉಳಿದರೆ ಮೈಸೂರಿನಲ್ಲಿ ವಾರಕ್ಕೆರಡು ದಿನದ ಕೆಲಸ. ಕಾರು ಹೋದರೆ, ಅದರ ಜೊತೆ ಬೆಂಗಳೂರಿನ ದೊಡ್ಡ ಶೆಡ್ಡಿಗೆ ಇವರೂ ಹೋಗಬಹುದಲ್ಲ. ಅಷ್ಟು ಹೊತ್ತು ಇವರಿಗೆ ಬೇಕಾದದ್ದು ಕಾರು ಉಳಿಯುವುದೇ ಎಂದುಕೊಂಡಿದ್ದ ನಾನು ಒಂದು ಲೋಟ ಟೀ ಖಾಲಿಯಾಗುವುದರೊಳಗೆ ಲೆಕ್ಕವನ್ನು ತಿರುಗಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಒಂದು ಉಪಾಯ ಮಾಡಿದೆ. ಹೊರಡುವ ಹೊತ್ತಿಗೆ ಡ್ರೈವರಣ್ಣ ಟ್ಯಾಪು ತೆರೆದು ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ, ಕ್ಲಚ್ಚಿನ ಪೆಡಲು ನೋಡಬೇಕು ಎಂದು ನೆಪ ಹೇಳಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದೆ. ಟ್ಯಾಪಿನ ಹಿಡಿಗೂ ಅದರ ಪಕ್ಕದ ಪೈಪಿಗೂ ಸೇರಿಸಿ ಹೊಲಿಗೆ ದಾರದ ಒಂದು ಎಳೆ ಕಟ್ಟಿದೆ. ಟ್ಯಾಪು ತಿರುಗಿದರೆ ದಾರ ಹರಿಯಬೇಕು. ಎದ್ದು ಕೈ ಒರೆಸಿಕೊಂಡು, ಎಲ್ಲ ಸರಿಯಾಗಿದೆ ಅಣ್ಣ, ಹೊರಡಿ ಎಂದೆ. ನನ್ನ ಬುದ್ಧಿಯ ಬಗ್ಗೆ ನನಗೇ ಖುಷಿಯಾಗಿತ್ತು ಎನ್ನುವುದನ್ನು ಬಚ್ಚಿಡುವುದಿಲ್ಲ.

ಹಿರಿಯೂರು ದಾಟಿದರೆ ನಾಲ್ಕು ಪಥದ ನೇರ ರಸ್ತೆ. ಅರ್ಧ ಗಂಟೆಯೊಳಗೆ ಹಸಿರು ಕಾರು ಕೆಮ್ಮಿ ಪಕ್ಕಕ್ಕೆ ಬಂದು ನಿಂತಿತು. ನಾನು ಬಾನೆಟ್ಟಿನ ಕಡೆ ಹೋಗಲೇ ಇಲ್ಲ. ಎಡಗಡೆಯ ಬಾಗಿಲು ತೆಗೆದು ಬಗ್ಗಿ ನೋಡಿದೆ. ದಾರ ಹರಿದಿತ್ತು. ಟ್ಯಾಪು ಮುಚ್ಚಿತ್ತು.

ಅಲ್ಲೇ ಡಾಕ್ಟರಮ್ಮನಿಗೆ ಮಾತ್ರ ಹೇಳಬಹುದಿತ್ತು. ಹೇಳಲಿಲ್ಲ. ಕಾರನ್ನು ಸ್ಟಾರ್ಟ್ ಮಾಡಿಸಿ, ಎಲ್ಲರೂ ತಿಂಡಿಗೆ ನಿಂತಿದ್ದ ಹೋಟೆಲಿನವರೆಗೆ ಬಂದು, ಎಂಟು ಕಾರಿನ ಜನರೂ ಕಾಫಿ ಹಿಡಿದು ನಿಂತಿರುವಾಗ ಬಾಯಿ ತೆರೆದೆ. ಸಾಕ್ಷಿ ಎಲ್ಲರ ಮುಂದೆ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಹಿಂದಿನ ದಿನದಿಂದ ಅಷ್ಟು ಜನ ನನ್ನ ರಿಪೇರಿಯನ್ನು ನೋಡಿ ಮೀಸೆಯಲ್ಲೇ ನಗುತ್ತಿದ್ದರು. ನನ್ನ ತಪ್ಪಲ್ಲ ಎಂದು ಅವರಿಗೆಲ್ಲ ಗೊತ್ತಾಗಬೇಕಿತ್ತು.

"ಅಣ್ಣ, ಅಮ್ಮಾವ್ರು ಓಡಿಸಿದ್ರೆ ಕಾರು ನಿಲ್ಲಲ್ಲ, ನೀವು ಓಡಿಸಿದ್ರೆ ಮಾತ್ರ ನಿಲ್ಲುತ್ತೆ. ಬೆಳಿಗ್ಗೆ ನಾನು ಟ್ಯಾಪಿಗೆ ದಾರ ಕಟ್ಟಿದ್ದೆ. ಈಗ ಹರಿದಿದೆ. ಯಾಕೆ ಅಂತ ನೀವೇ ಹೇಳ್ಬುಡಿ" ಎಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ. ಆಗ ಕಾಫಿ ಲೋಟವನ್ನು ಕಟ್ಟೆಯ ಮೇಲೆ ಇಟ್ಟರು.

"ನಿಂತ್ಮೇಲೆ ಮುಚ್ದೆ ಸ್ವಾಮಿ. ಎಂಜಿನ್ ನಿಂತ್ರೆ ಟ್ಯಾಪ್ ಮುಚ್ಬೇಕಲ್ವಾ. ಇಲ್ದಿದ್ರೆ ಪೆಟ್ರೋಲ್ ತೊಟ್ಟಿಕ್ತದೆ."

ಅದು ಸರಿಯಾದ ಉತ್ತರ. ಇಂಥ ಕಾರುಗಳನ್ನು ಓಡಿಸಿದ ಪ್ರತಿಯೊಬ್ಬರೂ ಹಾಗೇ ಮಾಡುತ್ತಾರೆ. ನನಗೆ ಅದು ಗೊತ್ತಿಲ್ಲದೆ ಇಲ್ಲ. ಆದರೆ ಹಿಂದಿನ ಸಂಜೆಯಿಂದ ಕಟ್ಟಿದ ಕತೆಯೊಳಗೆ ಆ ಉತ್ತರಕ್ಕೆ ಜಾಗವಿರಲಿಲ್ಲ. ಟೀ ಅಂಗಡಿಯ ಮುಂದೆ ಬೆಂಗಳೂರಿನವರ ಹತ್ತಿರ ಅಷ್ಟು ಹೊತ್ತು ಏನು ಮಾತು ಎಂದು ಕೇಳಿದೆ. ಬೆಂಗಳೂರಿನವರು ಮುಖ ಕೆಂಪಗೆ ಮಾಡಿಕೊಂಡು, ಈ ಕಾರಿನ ಎರಡನೇ ಗೇರು ಸದ್ದಿಲ್ಲದೆ ಹಾಕುವುದು ಹೇಗೆಂದು ಕೇಳುತ್ತಿದ್ದೆ, ಇಷ್ಟು ಚೆನ್ನಾಗಿ ಓಡಿಸುವವರನ್ನು ನೋಡಿಲ್ಲ ಎಂದರು. ಅದನ್ನೂ ನಾನು ನಂಬಲಿಲ್ಲ.

ಆಗ ಡಾಕ್ಟರಮ್ಮ ಡ್ರೈವರಣ್ಣನ ಕಡೆ ತಿರುಗಿದರು. ಮೆಲ್ಲಗೆ, ನೀವೇನಾದರೂ ಮಾಡಿದಿರಾ ಎಂದು ಕೇಳಿದರು. ಅಷ್ಟೇ ಕೇಳಿದ್ದು.

ಡ್ರೈವರಣ್ಣ ಜೇಬಿನಿಂದ ಕಾರಿನ ಕೀ ತೆಗೆದು ಅವರ ಕೈಗೆ ಕೊಟ್ಟರು.

"ಇವ್ರು ಕೇಳ್ಲಿ ಬುಡಿ. ನೀವು ಕೇಳ್ಬಾರ್ದಾಗಿತ್ತು ಕಣವ್ವ."

ಹಿಂದಿನ ಸೀಟಿನಿಂದ ತಮ್ಮ ಚೀಲ ಎತ್ತಿಕೊಂಡು ರಸ್ತೆ ದಾಟಿದರು. ಆಚೆ ಬದಿಯಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದರು. ಎರಡು ಬಸ್ಸು ನಿಲ್ಲಲಿಲ್ಲ, ಮೂರನೆಯದು ನಿಂತಿತು. ಅಷ್ಟು ಹೊತ್ತೂ ಯಾರೊಬ್ಬರೂ ಅವರ ಹತ್ತಿರ ಹೋಗಲಿಲ್ಲ. ಡಾಕ್ಟರಮ್ಮ ಎರಡು ಹೆಜ್ಜೆ ಹಾಕಿ ನಿಂತುಬಿಟ್ಟರು.

ಅಲ್ಲಿಂದ ಹೊಸಪೇಟೆಯವರೆಗೆ ಡಾಕ್ಟರಮ್ಮನೇ ಓಡಿಸಿದರು. ದೊಡ್ಡ ರಸ್ತೆಯ ಲಾರಿಗಳಿಗೆ ಹೆದರಿ ಎಡಬದಿ ಹಿಡಿದು ನಲವತ್ತರ ಮೇಲೆ ಏರಿಸಲೇ ಇಲ್ಲ. ಚಿತ್ರದುರ್ಗ ದಾಟಿತು, ಕೂಡ್ಲಿಗಿ ದಾಟಿತು, ಕಾರು ಒಂದು ಸಲವೂ ನಿಲ್ಲಲಿಲ್ಲ. ಸಂಜೆ ಲಾಡ್ಜಿನ ಅಂಗಳದಲ್ಲಿ ಒಬ್ಬೊಬ್ಬರಾಗಿ ಬಂದು ನನ್ನ ಬೆನ್ನು ತಟ್ಟಿದರು. ದಾರ ಕಟ್ಟಿದ ಉಪಾಯವನ್ನು ನಾನು ನಾಲ್ಕು ಸಲ ಹೇಳಿರಬೇಕು, ಪ್ರತಿ ಸಲವೂ ಸ್ವಲ್ಪ ಉಪ್ಪು ಖಾರ ಸೇರಿಸಿ. ಡಾಕ್ಟರಮ್ಮ ಮಾತ್ರ ಊಟಕ್ಕೂ ಬರಲಿಲ್ಲ. ಡ್ರೈವರಣ್ಣನಿಗೆ ಫೋನ್ ಮಾಡಿದರೆ ತೆಗೆಯುತ್ತಿಲ್ಲ ಎಂದು ಬಾಗಿಲ ಮರೆಯಿಂದಲೇ ಹೇಳಿದರು.

ಮೂರನೆಯ ಬೆಳಿಗ್ಗೆ ಡಾಕ್ಟರಮ್ಮನ ಹೆಗಲು ಹಿಡಿದುಕೊಂಡಿತ್ತು. ಆ ಸ್ಟೀರಿಂಗ್ ತಿರುಗಿಸುವುದು ಬಾವಿಯ ರಾಟೆ ಎಳೆದಷ್ಟು ಭಾರ. ನೀವೇ ಓಡಿಸಿ ಎಂದು ಕೀಯನ್ನು ನನ್ನ ಕೈಗೆ ಕೊಟ್ಟರು. ಜೀಪನ್ನು ಲಾರಿಯ ಕ್ಲೀನರಿಗೆ ಒಪ್ಪಿಸಿ, ವಿಭೂತಿ ಹಚ್ಚಿ, ಪತ್ರೆ ಇಟ್ಟು, ಬಿದಿರು ಕಡ್ಡಿ ಇಳಿಸಿ ಪೆಟ್ರೋಲು ಎಷ್ಟಿದೆಯೆಂದು ಅಳೆದು ಕೂತೆ. ಡಾಕ್ಟರಮ್ಮ ಪಕ್ಕದಲ್ಲಿ ಕೂತರು. ನಾನು ಏನಾದರೂ ಮಾತು ತೆಗೆದರೆ ಒಂದೇ ಪದದಲ್ಲಿ ಉತ್ತರ ಕೊಡುತ್ತಿದ್ದರು.

ಕುಷ್ಟಗಿ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಒಂದು ತಿಂಗಳು ಕೈಯಾರೆ ಕೂರಿಸಿದ ಎಂಜಿನ್ನು ನನ್ನ ಕಾಲಡಿಯಲ್ಲಿತ್ತು. ಆಸೆ ತಡೆಯಲಾಗಲಿಲ್ಲ. ಅರವತ್ತಕ್ಕೆ ಏರಿಸಿ ಅಲ್ಲೇ ಹಿಡಿದೆ, ಡ್ರೈವರಣ್ಣ ಓಡಿಸುತ್ತಿದ್ದ ಹಾಗೆಯೇ. ಇಪ್ಪತ್ತು ನಿಮಿಷ ಕಳೆದಿರಬೇಕು. ಕಾರು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ಜಗ್ಗಿತು. ನಾನು ಪಕ್ಕಕ್ಕೆ ಎಳೆದುಕೊಂಡೆ, ಎಂಜಿನ್ ನಿಂತಿತು.

ಡಾಕ್ಟರಮ್ಮ ನನ್ನ ಮುಖ ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದರು. ನಾನೂ ನೋಡಿದೆ. ನನ್ನ ಎಡಗೈ ಟ್ಯಾಪಿನ ಮೇಲಿತ್ತು. ಎಂಜಿನ್ ನಿಂತ ಕ್ಷಣವೇ ಅದು ತಾನಾಗಿ ಹೋಗಿ ಟ್ಯಾಪು ಮುಚ್ಚಿತ್ತು. ನಾನು ಮುಚ್ಚಬೇಕು ಎಂದುಕೊಂಡದ್ದೂ ಇಲ್ಲ, ಮುಚ್ಚಿದ್ದು ಗೊತ್ತಾದದ್ದೂ ಇಲ್ಲ.

ಹಿರಿಯೂರಿನಾಚೆ ರಸ್ತೆ ದಾಟಿ ಚೀಲ ಹಿಡಿದು ನಿಂತವರ ಬೆನ್ನು ಕಣ್ಣೆದುರು ಬಂತು.

ಹಿಂದಿನಿಂದ ಪ್ರಯಾಣದ ಮುಖ್ಯಸ್ಥರು ಬಂದು ವಾಚು ನೋಡಿದರು. ಇವತ್ತು ಗುಮ್ಮಟದ ಮುಂದೆ ಕಾರ್ಯಕ್ರಮವಿದೆ, ಎರಡು ಗಂಟೆ ಕೊಡುತ್ತೇನೆ, ಆಮೇಲೆ ಲಾರಿ ಎಂದರು. ಲಾರಿಯವನು ಆಗಲೇ ಹಲಗೆ ಇಳಿಸಲು ಶುರು ಮಾಡಿದ್ದ. ಹತ್ತು ನಿಮಿಷ ಕಾದರೆ ಕಾರು ಮತ್ತೆ ಸ್ಟಾರ್ಟ್ ಆಗುತ್ತದೆಂದು ನನಗೆ ಗೊತ್ತಿತ್ತು. ನಲವತ್ತರಲ್ಲಿ ಮೆಲ್ಲಗೆ ಹೋದರೆ ನಿಲ್ಲದೆ ವಿಜಯಪುರ ಮುಟ್ಟಬಹುದು ಎಂಬುದೂ ಆಗ ಹೊಳೆಯಿತು. ಹಾಗೆ ಹೋಗಿದ್ದರೆ ಕಾರು ಉಳಿಯುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಬಿಸಿಲಿಗೆ ಒಂದು ಸಲ ಆವಿಯಾಯಿತು ಎಂದರೆ ಜನ ನಂಬುತ್ತಿದ್ದರು. ಕಳ್ಳ ಮಾತ್ರ ಡ್ರೈವರಣ್ಣನೇ ಆಗಿ ಉಳಿಯುತ್ತಿದ್ದರು.

ಟ್ಯಾಂಕು ಬಿಚ್ಚುತ್ತೇನೆ ಎಂದೆ. ಎರಡು ಗಂಟೆಯಲ್ಲಿ ಆಗದಿದ್ದರೆ ಕಾರು ಹೋಗುತ್ತದೆ ಎಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ಛತ್ರಿ ಬಿಡಿಸಿ ಜಾಲಿ ಮರದ ಕೆಳಗೆ ಹೋಗಿ ನಿಂತು, ಬಿಚ್ಚಿ ಎಂದರು.

ಕಾರ್ಬೊರೇಟರಿನ ಕಡೆಯ ಪೈಪು ಕಳಚಿ, ಅದರ ಬಾಯಿಗೆ ಬಟ್ಟೆ ಕಟ್ಟಿ, ಪೆಟ್ರೋಲನ್ನು ಕ್ಯಾನುಗಳಿಗೆ ಬಿಟ್ಟೆ. ಮೊದಲು ಜೋರಾಗಿ ಬಂತು. ಎರಡನೇ ಕ್ಯಾನು ಅರ್ಧವಾಗುವಾಗ ಧಾರೆ ಸಣ್ಣದಾಯಿತು, ತೊಟ್ಟಾಯಿತು, ನಿಂತಿತು. ಟ್ಯಾಂಕಿನಲ್ಲಿ ಇನ್ನೂ ಪೆಟ್ರೋಲಿತ್ತು, ಕಡ್ಡಿ ಇಳಿಸಿ ನೋಡಿದೆ. ಟ್ಯಾಪು ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆರೆದರೆ ಮತ್ತೆ ಬಂತು. ಒಳಗೆ ಏನೋ ಇತ್ತು. ಪೆಟ್ರೋಲು ವೇಗವಾಗಿ ಹರಿದಾಗ ಅದು ಟ್ಯಾಂಕಿನ ತಳದ ತೂತಿಗೆ ಹೋಗಿ ಅಂಟಿಕೊಳ್ಳುತ್ತಿತ್ತು, ಹರಿವು ನಿಂತರೆ ಸಡಿಲವಾಗಿ ತೇಲಿ ಹೋಗುತ್ತಿತ್ತು. ಮೆಲ್ಲಗೆ ಓಡಿಸುವವರ ಕೈಯಲ್ಲಿ ಕಾರು ನಿಲ್ಲದೆ, ಡ್ರೈವರಣ್ಣನ ಕೈಯಲ್ಲಿ ನಿಲ್ಲುತ್ತಿದ್ದುದು ಅದಕ್ಕೇ.

ಟ್ಯಾಂಕು ಪೂರ್ತಿ ಖಾಲಿ ಮಾಡಿ, ನಾಲ್ಕು ಬೋಲ್ಟು ತೆಗೆದು, ಎತ್ತಿ ತಲೆಕೆಳಗು ಮಾಡಿ ಕೊಡವಿದೆ. ಮೂರನೇ ಸಲ ಕೊಡವಿದಾಗ ಬಾಯಿಂದ ಒಂದು ಎಲೆ ಬಿತ್ತು. ಇನ್ನೊಂದು ಬಿತ್ತು. ಬಿಲ್ವಪತ್ರೆ. ಒಂದು ಕಪ್ಪಾಗಿ ಮೆತ್ತಗಾಗಿತ್ತು, ಇನ್ನೊಂದು ಹೊಸದು, ಮೂರು ದಳವೂ ನೆಟ್ಟಗಿತ್ತು.

ಇದು ಹೇಗಾಯಿತೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಮುಚ್ಚಳದ ಮೇಲೆ ಪತ್ರೆ ಇಡುವವನು ನಾನು. ಹೊರಡುವ ಆತುರದಲ್ಲಿ ಅದೇ ಮುಚ್ಚಳ ತೆಗೆದು ಕಡ್ಡಿ ಇಳಿಸಿ ಪೆಟ್ರೋಲು ಅಳೆಯುವವನೂ ನಾನೇ. ಪತ್ರೆ ಗಾಳಿಗೆ ಹಾರಿಹೋಯಿತು ಎಂದುಕೊಳ್ಳುತ್ತಿದ್ದೆ. ಟ್ಯಾಂಕಿನ ಬಾಯಲ್ಲಿ ಹಿತ್ತಾಳೆಯ ಒಂದು ಜಾಲರಿ ಇರುತ್ತದೆ, ಇಂಥದ್ದು ಒಳಗೆ ಬೀಳದಿರಲೆಂದೇ ಇರುವುದು. ತೊಳೆಯುವಾಗ ಅದು ಹರಿಯಿತು. ಮಾಡಿಸಿದ ಹೊಸದು ಸರಿಯಾಗಿ ಕೂರಲಿಲ್ಲ. ಹೊರಡುವ ಹಿಂದಿನ ದಿನ, ಬಂದ ಮೇಲೆ ನೋಡೋಣ ಎಂದು ಜಾಲರಿ ಇಲ್ಲದೆ ಹಾಗೇ ಬಿಟ್ಟಿದ್ದೆ.

ಎಲೆಗಳು ನನ್ನ ಕಾಲ ಬಳಿ ಬಿದ್ದಿದ್ದವು. ಲಾರಿಯವನು ಟೈರಿನ ನೆರಳಲ್ಲಿ ಕೂತಿದ್ದ, ಡಾಕ್ಟರಮ್ಮ ಮರದ ಕೆಳಗಿದ್ದರು. ಯಾರೂ ನೋಡಿರಲಿಲ್ಲ. ಚಪ್ಪಲಿಯಿಂದ ಮಣ್ಣು ಎಳೆದರೆ ಮುಗಿದುಹೋಗುತ್ತಿತ್ತು. ಎಳೆಯಬೇಕು ಎಂದು ಕಾಲನ್ನೂ ಎತ್ತಿದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಪತ್ರೆಯ ಮೇಲೆ ಕಾಲಿಡಬಾರದು ಎಂದು ಹಿಂದೆ ತೆಗೆದೆನೋ, ಡ್ರೈವರಣ್ಣನ ನೆನಪಿಗೆ ಹಿಂದೆ ತೆಗೆದೆನೋ, ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಎರಡನೆಯದೇ ಆಗಿರಲಿ ಎಂದು ಆಸೆಪಡುತ್ತೇನೆ.

ಎಲೆಗಳನ್ನು ಎತ್ತಿಕೊಂಡು ಹೋಗಿ ಡಾಕ್ಟರಮ್ಮನಿಗೆ ತೋರಿಸಿದೆ. ಟ್ಯಾಂಕಿನಲ್ಲಿತ್ತು, ನಾನೇ ಬೀಳಿಸಿದ್ದು ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ನಾನೂ ಕೇಳ್ಬಿಟ್ಟೆ ಅಲ್ವಾ ಅವರನ್ನ" ಎಂದರು. "ನೀವು ಕೇಳಿದ್ದು ಒಂದು ಥರ. ಮೂವತ್ತು ವರ್ಷ ಅವರು ಓಡಿಸೋ ಕಾರಲ್ಲಿ ಕಣ್ಮುಚ್ಚಿ ಕೂತಿದ್ದವಳು ನಾನು."

ಟ್ಯಾಂಕು ಕೂರಿಸಿ, ಬಾಯಿಗೆ ಎರಡು ಮಡಿಕೆ ಬಟ್ಟೆ ಕಟ್ಟಿ ಪೆಟ್ರೋಲು ಸೋಸಿ ತುಂಬಿದೆ. ಮುಖ್ಯಸ್ಥರು ಕೊಟ್ಟ ಎರಡು ಗಂಟೆ ಮುಗಿಯಲು ಐದಾರು ನಿಮಿಷ ಬಾಕಿಯಿರುವಾಗ ಕಾರು ಹೊರಟಿತು. ಅರವತ್ತರಲ್ಲಿ ಓಡಿಸಿದೆ, ಮತ್ತೆ ಒಂದು ಸಲವೂ ಕೆಮ್ಮಲಿಲ್ಲ. ಸಂಜೆ ಗುಮ್ಮಟದ ಮುಂದೆ ಎಂಟೂ ಕಾರುಗಳು ನಿಂತವು. ಹಾರ ಹಾಕಿದರು, ಪೇಟ ಸುತ್ತಿದರು. ಮೈಕು ನನ್ನ ಕೈಗೆ ಬಂದಾಗ ಹಿರಿಯೂರಿನಾಚೆ ನಾನು ಹೇಳಿದ್ದೆಲ್ಲ ಸುಳ್ಳು, ತಪ್ಪು ನನ್ನದು ಎಂದು ಪತ್ರೆ ತೋರಿಸಿ ಹೇಳಿದೆ. ಕೆಲವರು ತಮಾಷೆಯೆಂದು ನಕ್ಕರು. ಬೆಂಗಳೂರಿನವರು ನಗಲಿಲ್ಲ. ಕೆಳಗಿಳಿದಾಗ ಹತ್ತಿರ ಬಂದು, ಇದು ನಮಗೆ ಹೇಳುವುದಲ್ಲ ಎಂದಷ್ಟೇ ಹೇಳಿ ಹೋದರು. ಇಡೀ ಪ್ರಯಾಣದಲ್ಲಿ ನಾನು ಅತಿ ಹೆಚ್ಚು ಅನುಮಾನಪಟ್ಟ ಮನುಷ್ಯ ಅವರು.

ಕಾರುಗಳು ವಾಪಸು ಬರಲು ಇನ್ನೂ ಎರಡು ದಿನವಿತ್ತು. ನಾನು ಕಾಯದೆ ರೈಲು ಹತ್ತಿ ಮೈಸೂರಿಗೆ ಬಂದೆ. ಮನೆಗೂ ಹೋಗದೆ ಸ್ಟೇಷನ್ನಿನಿಂದ ಆಟೋ ಹಿಡಿದು ನೇರ ಕೃಷ್ಣಮೂರ್ತಿಪುರಂಗೆ ಹೋದೆ. ಡ್ರೈವರಣ್ಣನ ಮನೆ ಅಲ್ಲಿಯ ಹಳೆಯ ವಠಾರವೊಂದರಲ್ಲಿ, ಸಾಲಿನ ಕೊನೆಯದು. ಅವರು ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದರು. ನನ್ನನ್ನು ನೋಡಿ 'ಬನ್ನಿ' ಎಂದರು. ಎದ್ದು ಜಾಗ ಕೊಟ್ಟರು. ಒಳಗೆ ಅವರ ಹೆಂಡತಿಗೆ ಕಾಫಿ ಇಡಲು ಹೇಳಿದರು.

ನಾನು ಎಲ್ಲವನ್ನೂ ಹೇಳಿದೆ. ನನ್ನ ಎಡಗೈ ತಾನಾಗಿ ಟ್ಯಾಪು ಮುಚ್ಚಿದ್ದು, ಟ್ಯಾಂಕು ಬಿಚ್ಚಿದ್ದು, ಜಾಲರಿ ಇಲ್ಲದ್ದು. ಕಾಗದದಲ್ಲಿ ಸುತ್ತಿ ತಂದಿದ್ದ ಪತ್ರೆಯನ್ನು ಮುಂದೆ ಇಟ್ಟೆ. ತಪ್ಪಾಯಿತು ಅಣ್ಣ ಎಂದು ಕೈ ಮುಗಿದೆ. ಅವರು ಕಾಗದವನ್ನು ಮುಟ್ಟಲಿಲ್ಲ. ಕಾರು ಉಳಿಯಿತಾ ಎಂದು ಕೇಳಿದರು. ಉಳಿಯಿತು, ಅಮ್ಮಾವ್ರು ಬಂದ ತಕ್ಷಣ ತಾವೇ ಇಲ್ಲಿಗೆ ಬರುತ್ತಾರಂತೆ ಎಂದೆ. ಒಳ್ಳೆಯದು ಎಂದರು. ಕಾಫಿ ಬಂತು. ನಾನು ಲೋಟ ಎತ್ತಿಕೊಂಡಾಗ ಅವರು ಕೇಳಿದರು.

"ಒಂದ್ ಮಾತ್ ಕೇಳ್ತೀನಿ ಸ್ವಾಮಿ. ಎಲೆ ಸಿಗ್ದೇ ಇದ್ದಿದ್ರೆ ನೀವು ಬತ್ತಿದ್ರಾ?"

ಸುಳ್ಳು ಹೇಳಲು ಬಾಯಿ ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು. ಇಲ್ಲ ಅಣ್ಣ, ಬರುತ್ತಿರಲಿಲ್ಲ ಎಂದೆ.

ಅವರು ತಲೆಯಾಡಿಸಿದರು, ಕಾಫಿ ಆರಿಹೋಗುತ್ತದೆ ಕುಡಿಯಿರಿ ಎಂದರು. ನಾನು ಕುಡಿದು ಎದ್ದೆ.

ಹಸಿರು ಕಾರು ಈಗಲೂ ಕುವೆಂಪುನಗರದಲ್ಲೇ ಇದೆ. ಓಡಿಸುವವರೂ ಡ್ರೈವರಣ್ಣನೇ, ಡಾಕ್ಟರಮ್ಮ ವಠಾರಕ್ಕೆ ಮೂರು ಸಲ ಹೋಗಿ ಕರೆದುಕೊಂಡು ಬಂದರಂತೆ. ಅದನ್ನು ರಿಪೇರಿಗೆ ಎಲ್ಲಿಗೆ ಒಯ್ಯಬೇಕೆಂಬುದನ್ನು ಡಾಕ್ಟರಮ್ಮ ಅವರ ಇಷ್ಟಕ್ಕೇ ಬಿಟ್ಟಿದ್ದಾರೆ. ಅದು ನನ್ನ ಶೆಡ್ಡಿಗೆ ಬರುವುದಿಲ್ಲ.